ಜೀವಶಿಲೆಗಳೆಂಬ ಸಸ್ಯಗಳೂ ಅವುಗಳ ಪಾಲನೆಯೂ

ಸಸ್ಯಗಳಲ್ಲಿ ಕೆಲವು ತಮ್ಮ ಎತ್ತರದಿಂದಲೂ ಕೆಲವು ತಮ್ಮ ಪರಿಮಳದಿಂದಲೂ ನಮ್ಮ ಗಮನವನ್ನು ಸೆಳೆಯುತ್ತವೆ. ಆದರೆ ಯಾರ ಕಣ್ಣಿಗೂ ಬೀಳದಿರುವುದರಲ್ಲಿಯೇ ತನ್ನ ಕ್ಷೇಮವನ್ನು ಕಂಡುಕೊಂಡಿರುವ ಸಸ್ಯಕುಲವೊಂದುಂಟು. ಆಫ್ರಿಕ ಖಂಡದ ದಕ್ಷಿಣ ಭಾಗದಲ್ಲಿ, ದಕ್ಷಿಣ ಆಫ್ರಿಕ ಮತ್ತು ನಮೀಬಿಯ ದೇಶಗಳ ಒಣ ಬಯಲುಗಳಲ್ಲಿ, ಬೆಣಚುಕಲ್ಲುಗಳ ನಡುವೆ ಅದು ತಾನೂ ಒಂದು ಕಲ್ಲೆಂಬಂತೆ ಅಡಗಿಕೊಂಡಿರುತ್ತದೆ. ಶಾಸ್ತ್ರಜ್ಞರು ಅದನ್ನು ಲಿಥಾಪ್ಸ್ ಎಂದು ಕರೆಯುತ್ತಾರೆ. ಗ್ರೀಕ್ ಭಾಷೆಯಲ್ಲಿ ಲಿಥೋಸ್ ಎಂದರೆ ಕಲ್ಲು. ಓಪ್ಸ್ ಎಂದರೆ ಮುಖ. ಕಲ್ಲಿನ ಮುಖವುಳ್ಳದ್ದು ಎಂಬುದೇ ಆ ಹೆಸರಿನ ಅರ್ಥವಾಗಿದೆ. ಜನಬಳಕೆಯಲ್ಲಿ ಇವಕ್ಕೆ ಜೀವಂತ ಕಲ್ಲುಗಳೆಂದು ಹೆಸರು. ಈ ಪಾಠದಲ್ಲಿ ನಾವು ಇವನ್ನು ಜೀವಶಿಲೆಗಳೆಂದು ಕರೆಯೋಣ.

ಈಗ ನಮ್ಮ ನಗರಗಳ ಸಸಿಮಡಿಗಳಲ್ಲಿಯೂ ಇವು ದೊರೆಯುತ್ತಿರುವುದರಿಂದ, ಇವುಗಳ ವಿಚಿತ್ರ ರೂಪಕ್ಕೆ ಮನಸೋತು ಕೊಂಡುತರುವವರು ಅನೇಕರು. ಆದರೆ ತಂದ ಕೆಲವು ತಿಂಗಳುಗಳಲ್ಲಿಯೇ ಸಸ್ಯವು ಕೊಳೆತು ನೀರಾಗಿ ಹೋಯಿತೆಂದು ದುಃಖಪಡುವವರೂ ಅಷ್ಟೇ ಮಂದಿ. ಇದರಲ್ಲಿ ಗಮನಿಸತಕ್ಕ ಸಂಗತಿ ಯಾವುದೆಂದರೆ, ಹೀಗೆ ಸಾಯುವ ಜೀವಶಿಲೆಗಳಲ್ಲಿ ಅಲಕ್ಷ್ಯದಿಂದ ಸಾಯುವವು ಸ್ವಲ್ಪ. ಉಪಚಾರದಿಂದ ಸಾಯುವವೇ ಹೆಚ್ಚು. ಮಲ್ಲಿಗೆಗೂ ಬಸಳೆಗೂ ದಿನವೂ ನೀರೆರೆದು ಬಳಕೆಯಾದ ಕೈ, ಇದಕ್ಕೂ ಹಾಗೆಯೇ ಎರೆಯುತ್ತದೆ. ಆದುದರಿಂದ ಈ ಸಸ್ಯವನ್ನು ಸಾಕುವ ವಿದ್ಯೆಯೆಂದರೆ, ಮುಖ್ಯವಾಗಿ, ಯಾವಾಗ ಕೊಡಬೇಕು, ಯಾವಾಗ ಕೈ ತಡೆಯಬೇಕು ಎಂಬುದನ್ನು ಸಸ್ಯದ ಮುಖವನ್ನು ನೋಡಿ ತಿಳಿಯುವ ವಿದ್ಯೆಯೇ. ಅದನ್ನು ಕಲಿಯಬೇಕಾದರೆ ಮೊದಲು ಅದರ ಜನ್ಮಭೂಮಿಯನ್ನೂ ದೇಹದ ರಚನೆಯನ್ನೂ ತಿಳಿದಿರಬೇಕು.

೧. ಇದು ಲೋಕಕ್ಕೆ ತಿಳಿದುಬಂದ ಬಗೆ

ವಿಲಿಯಂ ಜಾನ್ ಬರ್ಚೆಲ್ ಎಂಬ ಆಂಗ್ಲ ಪ್ರಕೃತಿಶಾಸ್ತ್ರಜ್ಞರು ೧೮೧೧ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ದಕ್ಷಿಣ ಆಫ್ರಿಕದ ಒಳನಾಡಿನಲ್ಲಿ, ಆರೆಂಜ್ ನದಿಯ ಬಳಿಯ ಪ್ರೀಸ್ಕ ಸೀಮೆಯಲ್ಲಿ ಸಂಚರಿಸುತ್ತಿದ್ದರು. ಕಲ್ಲು ತುಂಬಿದ ನೆಲದಿಂದ ವಿಚಿತ್ರವಾದ ಹರಳೊಂದನ್ನು ಎತ್ತಿಕೊಳ್ಳಲು ಅವರು ಕೈಯಿಕ್ಕಿದಾಗ, ಅದು ಹರಳಾಗಿರದೆ ಬೇರುಬಿಟ್ಟು ಬೆಳೆಯುತ್ತಿರುವ ಸಸ್ಯವೆಂದು ಕಂಡುಬಂತು. ಕಲ್ಲುಗಳಂತೆಯೇ ಕಾಣುವುದರಿಂದ ಇದು ದನಗಳ ಮತ್ತು ಕಾಡುಮೃಗಗಳ ಬಾಯಿಂದ ತಪ್ಪಿಸಿಕೊಳ್ಳುತ್ತಿರಬೇಕೆಂದು ಅವರು ಊಹಿಸಿದರು. ೧೮೨೨ರಲ್ಲಿ ಪ್ರಕಟವಾದ ಅವರ ಪ್ರವಾಸಗ್ರಂಥದಲ್ಲಿ ಈ ವೃತ್ತಾಂತವು ಅಚ್ಚಾಯಿತು. ಅದಾಗಿ ನೂರು ವರ್ಷಗಳ ತರುವಾಯ, ೧೯೨೨ರಲ್ಲಿ, ಲಂಡನಿನ ಕ್ಯೂ ಸಸ್ಯೋದ್ಯಾನದ ನಿಕೊಲಾಸ್ ಎಡ್ವರ್ಡ್ ಬ್ರೌನ್ ಎಂಬ ವಿದ್ವಾಂಸರು ಈ ಸಸ್ಯಗಳನ್ನು ಬೇರೆಯೇ ಕುಲವಾಗಿ ವಿಂಗಡಿಸಿ ಲಿಥಾಪ್ಸ್ ಎಂಬ ಹೆಸರನ್ನಿಟ್ಟರು.

ಇವುಗಳ ಚರಿತ್ರೆಯಲ್ಲಿ ಸ್ತ್ರೀಯರ ಪಾಲು ಸಣ್ಣದಲ್ಲ. ೧೯೨೯ರಲ್ಲಿ ಯುವಾನಿಟ ಔಕಾಂಪ್ ಎಂಬಾಕೆ ಪೋಸ್ಟ್‌ಮಾಸ್‌ಬರ್ಗ್ ಸೀಮೆಯಲ್ಲಿದ್ದ ತನ್ನ ತಂದೆಯ ಹೊಲದಲ್ಲಿ ಕೆಂಗಂದು ಬಣ್ಣದ ಜೀವಶಿಲೆಯನ್ನು ಕಂಡು ಸಂಗ್ರಹಿಸಿದಳು. ದಕ್ಷಿಣ ಆಫ್ರಿಕದ ಪ್ರಸಿದ್ಧ ಸಸ್ಯಶಾಸ್ತ್ರಜ್ಞೆ ಲೂಯಿಸ ಬೋಲಸ್ ಎಂಬವರು ೧೯೩೨ರಲ್ಲಿ ಅದನ್ನು ವರ್ಣಿಸಿ, ಸಂಗ್ರಹಿಸಿದವಳ ಹೆಸರನ್ನೇ ಅದಕ್ಕೆ ಕೊಟ್ಟರು. ಆ ಪ್ರಭೇದಕ್ಕೆ ಇಂದಿಗೂ ಔಕಾಂಪಿಯೆ ಎಂದೇ ಹೆಸರು. ಮುಂದೆ ಡೆಸ್ಮಂಡ್ ಕೋಲ್ ಮತ್ತು ನೌರೀನ್ ಕೋಲ್ ಎಂಬ ದಂಪತಿಗಳು ಹಲವು ವರ್ಷಕಾಲ ಆ ಬಯಲುಗಳಲ್ಲಿ ಅಲೆದು, ಸುಮಾರು ೪೦೦ ನೆಲೆಗಳ ಸಸ್ಯಗಳಿಗೆ ಒಂದೊಂದು ಸಂಖ್ಯೆಯನ್ನಿಟ್ಟು ದಾಖಲೆ ಮಾಡಿದರು. ಡೆಸ್ಮಂಡ್ ಕೋಲರು ವೃತ್ತಿಯಿಂದ ಆಫ್ರಿಕದ ಭಾಷೆಗಳ ಪ್ರಾಧ್ಯಾಪಕರು. ಅವರ ಗ್ರಂಥವು ೧೯೮೮ರಲ್ಲಿ ಹೊರಬಂದಿತು. ಬೆಳೆಗಾರರು ಇಂದಿಗೂ ಕುಂಡದ ಚೀಟಿಯ ಮೇಲೆ ಕೋಲ್ ಸಂಖ್ಯೆಯನ್ನು ಬರೆಯುವ ವಾಡಿಕೆಯುಂಟು.

೨. ದೇಹದ ರಚನೆ

ಜೀವಶಿಲೆಯ ಒಂದು ತಲೆಯೆಂದರೆ ಒಂದಕ್ಕೊಂದು ಬೆಸೆದುಕೊಂಡ ಎರಡು ದಪ್ಪ ಎಲೆಗಳಷ್ಟೇ. ಕಾಂಡವು ಕಣ್ಣಿಗೆ ಕಾಣದಷ್ಟು ಗಿಡ್ಡ. ಎರಡು ಎಲೆಗಳೂ ಕೂಡಿ ಬುಗುರಿಯನ್ನು ಮೊನೆ ಕೆಳಗಾಗಿ ನಿಲ್ಲಿಸಿದ ಆಕಾರವನ್ನು ಹೊಂದಿರುತ್ತವೆ. ನಡುವೆ ಒಂದು ಬಿರುಕು. ಅಡಿಯಲ್ಲಿ ಒಂದು ತಾಯಿಬೇರು. ಹುಟ್ಟಿದ ನೆಲದಲ್ಲಿ ಈ ದೇಹದ ಬಹುಭಾಗವು ಮಣ್ಣಿನೊಳಗೆ ಹುದುಗಿದ್ದು ಚಪ್ಪಟೆಯಾದ ನೆತ್ತಿಯೊಂದೇ ನೆಲದ ಮಟ್ಟದಲ್ಲಿ ಕಾಣುತ್ತದೆ. ಆ ನೆತ್ತಿಯ ಮೇಲಿನ ಚುಕ್ಕೆಗಳೂ ಗೆರೆಗಳೂ ಸುತ್ತಲಿನ ಕಲ್ಲುಗಳ ಬಣ್ಣವನ್ನೇ ಹೋಲುತ್ತವೆ.

ಎಲೆಯು ನೆಲದೊಳಗೆ ಹುದುಗಿದ್ದರೆ ಅದಕ್ಕೆ ಬೆಳಕು ಸಿಕ್ಕುವುದೆಂತು? ಇದಕ್ಕೆ ಉತ್ತರವು ನೆತ್ತಿಯಲ್ಲಿಯೇ ಇದೆ. ಅಲ್ಲಿನ ಕೆಲವು ಭಾಗಗಳು ಮಂದಗಾಜಿನಂತೆ ಅರೆಪಾರದರ್ಶಕವಾಗಿರುತ್ತವೆ. ಬೆಳಕು ಈ ಕಿಟಕಿಗಳ ಮೂಲಕ ಒಳನುಗ್ಗಿ, ನೀರು ತುಂಬಿದ ಒಡಲನ್ನು ದಾಟಿ, ಎಲೆಯ ಒಳಗೋಡೆಗೆ ಅಂಟಿಕೊಂಡಿರುವ ಹಸಿರು ಕಣಗಳನ್ನು ಮುಟ್ಟುತ್ತದೆ. ಸುಡುವ ಬಿಸಿಲು ಹೀಗೆ ಸೌಮ್ಯವಾಗಿ ನೆಲದ ಕೆಳಗೆ ತಲಪುತ್ತದೆ.

ಇನ್ನೊಂದು ವಿಶೇಷವೂ ಇದೆ. ಸಾಮಾನ್ಯ ಗಿಡಗಳು ಹಗಲಿನಲ್ಲಿ ತಮ್ಮ ಪತ್ರರಂಧ್ರಗಳನ್ನು ತೆರೆದು ಇಂಗಾಲಾಮ್ಲವಾಯುವನ್ನು ಹೀರಿಕೊಳ್ಳುವವು. ಆಗ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುವುದು. ಜೀವಶಿಲೆಯಾದರೋ ತಂಪಾದ ರಾತ್ರಿಯಲ್ಲಿ ರಂಧ್ರಗಳನ್ನು ತೆರೆದು, ಹೀರಿದ ವಾಯುವನ್ನು ಆಮ್ಲರೂಪದಲ್ಲಿ ಕೂಡಿಟ್ಟು, ಹಗಲಿನಲ್ಲಿ ಬಾಗಿಲು ಮುಚ್ಚಿಕೊಂಡು ಆಹಾರವನ್ನು ತಯಾರಿಸುತ್ತದೆ. ಇಂತಹ ನಡವಳಿಕೆಯ ಸುಳಿವು ಮೊದಲು ದೊರೆತದ್ದರಲ್ಲಿ ನಮ್ಮ ನಾಡಿಗೂ ಸಂಬಂಧವಿದೆ. ಮೊರೇವಿಯನ್ ಮಿಶನಿನವರಾಗಿ ಭಾರತಕ್ಕೆ ಬಂದು, ಕಂಪನಿ ಸರಕಾರದ ಸಸ್ಯಶಾಸ್ತ್ರಜ್ಞರಾಗಿ, ಟಿಪ್ಪು ಸುಲ್ತಾನನ ಕಾಲದ ತರುವಾಯ ಬೆಂಗಳೂರಿನ ಲಾಲ್‌ಬಾಗಿನ ಮೇಲ್ವಿಚಾರಣೆಯನ್ನು ಕೆಲಕಾಲ ವಹಿಸಿದ್ದ ಬೆಂಜಮಿನ್ ಹೈನ್ ಎಂಬವರು, ಎಲೆಯ ಅಂಚಿನಲ್ಲಿಯೇ ಮರಿಗಿಡಗಳನ್ನು ಹುಟ್ಟಿಸುವ ಕಾಡುಬಸಳೆಯ ಎಲೆಯನ್ನು ರುಚಿ ನೋಡಿದರು. ಅದು ಬೆಳಗ್ಗೆ ಹುಳಿಯಾಗಿಯೂ ನಡುಹಗಲಿಗೆ ಸಪ್ಪೆಯಾಗಿಯೂ ಇರುವುದನ್ನು ಕಂಡು ೧೮೧೫ರ ಸುಮಾರಿಗೆ ಲಂಡನಿನ ಲಿನಿಯನ್ ಸೊಸೈಟಿಗೆ ತಿಳಿಸಿದರು. ರಾತ್ರಿ ಕೂಡಿಟ್ಟ ಆಮ್ಲವು ಹಗಲಿನಲ್ಲಿ ವೆಚ್ಚವಾಗುವುದೇ ಅದಕ್ಕೆ ಕಾರಣವೆಂದು ಈಗ ತಿಳಿದಿದೆ. ಜೀವಶಿಲೆಯೂ ಇದೇ ಕ್ರಮದಲ್ಲಿ ಬಾಳುತ್ತದೆ.

೩. ಒಂದು ವರ್ಷದ ನಡೆ

ಇದೇ ಈ ಪಾಠದ ಮುಖ್ಯ ಭಾಗವಾದುದರಿಂದ ಲಕ್ಷ್ಯವಿಟ್ಟು ಓದಿರಿ. ಜೀವಶಿಲೆಯು ವರ್ಷಕ್ಕೊಮ್ಮೆ ತನ್ನ ದೇಹವನ್ನೇ ಹೊಸದಾಗಿ ಮಾಡಿಕೊಳ್ಳುತ್ತದೆ. ಉತ್ತರಾರ್ಧಗೋಳದಲ್ಲಿ ಸಾಧಾರಣವಾಗಿ ಸೆಪ್ಟೆಂಬರಿನಿಂದ ನವೆಂಬರಿನೊಳಗೆ, ಮೂರು ವರ್ಷ ತುಂಬಿದ ಸಸ್ಯದ ಬಿರುಕಿನಿಂದ ಒಂದು ಹೂವು ಮೇಲೇಳುತ್ತದೆ. ಹೂವು ಬಾಡಿದ ಬಳಿಕ ಒಳಗೆ ಹೊಸ ಎಲೆಗಳ ಜೋಡಿಯೊಂದು ಬೆಳೆಯತೊಡಗುತ್ತದೆ. ಚಳಿಗಾಲದಲ್ಲಿ ಬಿರುಕು ಅಗಲವಾಗಿ, ಹಳೆಯ ಜೋಡಿಗೆ ಅಡ್ಡಲಾಗಿ ಹೊಸ ಜೋಡಿಯು ಇಣುಕುವುದನ್ನು ಕಾಣಬಹುದು. ಈ ಹೊಸ ಎಲೆಗಳು ಬೆಳೆಯುವುದು ಹೊರಗಿನ ನೀರಿನಿಂದಲ್ಲ; ಹಳೆಯ ಎಲೆಗಳಲ್ಲಿ ತುಂಬಿರುವ ನೀರನ್ನೂ ಸತ್ತ್ವವನ್ನೂ ಇವು ಸ್ವಲ್ಪಸ್ವಲ್ಪವಾಗಿ ಹೀರಿಕೊಳ್ಳುತ್ತವೆ. ಹಳೆಯವು ಮೆತ್ತಗಾಗಿ, ಸುಕ್ಕುಗಟ್ಟಿ, ಕಡೆಗೆ ಕಂದುಬಣ್ಣದ ಕಾಗದದ ಹಾಳೆಯಂತೆ ತೆಳ್ಳಗಾಗುತ್ತವೆ.

ಅನನುಭವಿಗಳ ಕೈಯಲ್ಲಿ ಸಸ್ಯವು ಕೆಡುವುದು ಬಹುಮಟ್ಟಿಗೆ ಈ ಸಮಯದಲ್ಲಿಯೇ. ಹೊರಗಿನ ಎಲೆಗಳು ಸುಕ್ಕಿರುವುದನ್ನು ನೋಡಿ, ಬಾಯಾರಿಕೆಯಿಂದ ಬಾಡಿದೆಯೆಂದು ಭಾವಿಸಿ ನೀರೆರೆಯುತ್ತಾರೆ. ಆ ನೀರನ್ನು ಹಳೆಯ ಎಲೆಗಳು ಹೀರಿಕೊಂಡು ಮತ್ತೆ ಉಬ್ಬುತ್ತವೆ, ಒಣಗಬೇಕಾದವು ಒಣಗುವುದಿಲ್ಲ, ಹೊಸ ಎಲೆಗಳು ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು ಸೊಟ್ಟಗಾಗುತ್ತವೆ, ಅನೇಕ ವೇಳೆ ಸಸ್ಯವೇ ಕೊಳೆತುಹೋಗುತ್ತದೆ. ಆದುದರಿಂದ ಹಳೆಯ ಎಲೆಗಳು ಪೂರಾ ಒಣಗಿ ಕಾಗದದಂತಾಗುವ ತನಕ, ಎರಡು ತಿಂಗಳಾಗಲಿ ನಾಲ್ಕು ತಿಂಗಳಾಗಲಿ, ನೀರನ್ನು ಕೊಡತಕ್ಕದ್ದಲ್ಲ. ಹಳೆಯ ಎಲೆಗಳನ್ನು ಕೈಯಿಂದ ಸುಲಿಯುವುದೂ ತಪ್ಪು. ಅವು ಹೊಸ ಎಲೆಗಳ ಉಗ್ರಾಣವಾಗಿವೆ.

ಕಡುಬೇಸಗೆಯಲ್ಲಿಯೂ ಸಸ್ಯವು ಬೆಳವಣಿಗೆಯನ್ನು ನಿಲ್ಲಿಸಿ ವಿಶ್ರಮಿಸುತ್ತದೆ. ಆಗಲೂ ನೀರು ಬಹು ಸ್ವಲ್ಪವೇ ಸಾಕು. ನಮ್ಮ ನಾಡಿನಲ್ಲಿ ಚಳಿಯು ಸೌಮ್ಯವಾಗಿರುವುದರಿಂದ ಮೇಲೆ ಹೇಳಿದ ತಿಂಗಳುಗಳು ಸ್ವಲ್ಪ ಹಿಂದುಮುಂದಾಗುವುದುಂಟು. ತಿಂಗಳ ಹೆಸರಿಗಿಂತ ಸಸ್ಯದ ಸ್ಥಿತಿಯನ್ನೇ ಹೆಚ್ಚಾಗಿ ನಂಬಬೇಕು.

೪. ಕುಂಡವೂ ಮಣ್ಣೂ

ತಾಯಿಬೇರು ಕೆಳಗಿಳಿಯುವುದರಿಂದ ಕುಂಡವು ೧೦ ಸೆಂಟಿಮೀಟರಿಗೆ ಕಡಮೆಯಿಲ್ಲದ ಆಳವುಳ್ಳದ್ದಾಗಿರಬೇಕು. ತಳದಲ್ಲಿ ತೂತು ಇರಲೇಬೇಕು. ಸುಟ್ಟ ಮಣ್ಣಿನ ಕುಂಡವು ತೇವವನ್ನು ಬೇಗನೆ ಬಿಡುವುದರಿಂದ ಮಳೆಯ ಸೀಮೆಯವರಿಗೆ ಅದೇ ಉತ್ತಮ. ಸುಂದರವೆಂದು ಗಾಜಿನ ಪಾತ್ರೆಯಲ್ಲಿಯೂ ತೂತಿಲ್ಲದ ಬಟ್ಟಲಿನಲ್ಲಿಯೂ ನೆಡುವವರುಂಟು. ಅಂತಹವುಗಳಲ್ಲಿ ನಿಂತ ನೀರಿಗೆ ಹೊರದಾರಿಯಿಲ್ಲ.

ಮಣ್ಣಿಗೆ ಮೂರು ಪಾಲು ಕಲ್ಲುಹರಳನ್ನೂ ಒಂದು ಪಾಲು ಜರಡಿ ಹಿಡಿದ ತೋಟದ ಮಣ್ಣನ್ನೂ ಬೆರಸಿಕೊಳ್ಳಿರಿ. ಹರಳುಗಳು ಎರಡರಿಂದ ಐದು ಮಿಲಿಮೀಟರ್ ದಪ್ಪವಿದ್ದರೆ ಸಾಕು. ಸಣ್ಣ ಜಲ್ಲಿಯಾಗಲಿ, ಇಟ್ಟಿಗೆಯ ಚೂರಾಗಲಿ, ದಪ್ಪ ಮರಳಾಗಲಿ ಆಗಬಹುದು. ಅದರ ನುಣ್ಣನೆಯ ಪುಡಿಯನ್ನು ಜರಡಿಯಿಂದ ತೆಗೆದು, ಉಳಿದುದನ್ನು ತೊಳೆದು ಉಪಯೋಗಿಸಬೇಕು. ಪುಡಿಯು ನೀರಿನೊಡನೆ ಸೇರಿ ಕೆಸರಾಗುತ್ತದೆ. ಸಮುದ್ರತೀರದ ಮರಳಿನಲ್ಲಿ ಉಪ್ಪಿರುವುದರಿಂದ ಅದು ಬೇಡ. ಸೆಗಣಿಗೊಬ್ಬರವೂ ಬೇಡ, ಬಡನೆಲದ ಸಸ್ಯವು ಪುಷ್ಟಿಯಾದ ಗೊಬ್ಬರದಿಂದ ಅತಿಯಾಗಿ ಉಬ್ಬಿ ಸೀಳಿಕೊಳ್ಳುತ್ತದೆ. ಬೆರಸಿದ ಮಣ್ಣನ್ನು ಕುಂಡದಲ್ಲಿ ತುಂಬಿ ಒಂದು ಲೋಟ ನೀರು ಸುರಿದು ಪರೀಕ್ಷಿಸಿರಿ. ನೀರು ಮೇಲೆ ನಿಲ್ಲದೆ ಕೂಡಲೇ ತಳದಿಂದ ಹರಿದರೆ ಮಣ್ಣು ತಕ್ಕದ್ದೆಂದು ತಿಳಿಯಬಹುದು.

ಹೊಸದಾಗಿ ತಂದ ಸಸ್ಯದ ಬೇರಿಗೆ ಅಂಟಿರುವ ತೆಂಗಿನನಾರಿನ ಪುಡಿಯನ್ನು ಮೆಲ್ಲಗೆ ಬಿಡಿಸಿ, ನೆರಳಿನಲ್ಲಿ ಎರಡು ಮೂರು ದಿನ ಒಣಗಲು ಬಿಟ್ಟು, ಅನಂತರ ನೆಡಬೇಕು. ದೇಹದ ಮೇಲಿನ ಅರ್ಧಭಾಗವು ಮಣ್ಣಿನಿಂದ ಹೊರಗಿರಲಿ. ಸುತ್ತಲೂ ಸಣ್ಣ ಹರಳುಗಳನ್ನು ಹರಡಿದರೆ ಕತ್ತಿನ ಬಳಿ ತೇವ ನಿಲ್ಲದು. ನೆಟ್ಟ ಮೇಲೆ ಒಂದು ವಾರ ನೀರು ಕೊಡಬೇಡಿರಿ. ಗಾಯಗೊಂಡ ಬೇರುಗಳು ಆರಲು ಅಷ್ಟು ಕಾಲ ಬೇಕು.

೫. ಬೆಳಕು ಮತ್ತು ಗಾಳಿ

ದಿನಕ್ಕೆ ನಾಲ್ಕೈದು ಗಂಟೆಗಳ ಬೆಳಗಿನ ಬಿಸಿಲು ಇದಕ್ಕೆ ಹಿತಕರವಾದದ್ದು. ಬೆಳಕು ಸಾಲದಿದ್ದರೆ ಚಪ್ಪಟೆಯಾಗಿರಬೇಕಾದ ದೇಹವು ಬೆಳಕನ್ನು ಹುಡುಕುತ್ತ ಉದ್ದವಾಗಿ ಒಂದು ಕಡೆಗೆ ವಾಲುತ್ತದೆ, ಬಣ್ಣವೂ ಮಾಸುತ್ತದೆ. ಆದರೆ ನೆರಳಿನಲ್ಲಿದ್ದ ಸಸ್ಯವನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಸುಟ್ಟ ಕಲೆ ಬೀಳುವುದು. ದಿನದಿನಕ್ಕೆ ಸ್ವಲ್ಪ ಹೆಚ್ಚಿಸುತ್ತ ಎರಡು ವಾರಗಳಲ್ಲಿ ಅಭ್ಯಾಸ ಮಾಡಿಸಿರಿ. ಏಪ್ರಿಲ್, ಮೇ ತಿಂಗಳುಗಳ ನಡುಹಗಲಿನ ಬಿಸಿಲಿಗೆ ತೆಳ್ಳನೆಯ ಬಟ್ಟೆಯ ಮರೆಯಿರಲಿ. ಗಾಳಿಯಾಡದ ಮೂಲೆಗಿಂತ ಪೂರ್ವದಿಕ್ಕಿನ ಜಗಲಿಯ ಅಂಚು ಲೇಸು.

ಇಲ್ಲಿ ನಮ್ಮ ಮಳೆಗಾಲವನ್ನು ನೆನೆಯಬೇಕು. ಜೀವಶಿಲೆಗಳ ತೌರಿನ ಬಹುಪಾಲು ಸ್ಥಳಗಳಲ್ಲಿ ವರ್ಷಕ್ಕೆ ೫೦೦ ಮಿಲಿಮೀಟರಿಗಿಂತಲೂ ಕಡಮೆ ಮಳೆ ಬೀಳುತ್ತದೆ. ನಮೀಬಿಯದ ಕರಾವಳಿಯಲ್ಲಿ ಸಮುದ್ರದ ಮಂಜೇ ಅವಕ್ಕೆ ಬಹುಮಟ್ಟಿಗೆ ಆಧಾರ. ಮಂಗಳೂರಿನಲ್ಲಾದರೋ ವರ್ಷದ ಮಳೆಯು ೩,೦೦೦ ಮಿಲಿಮೀಟರನ್ನು ಮೀರುತ್ತದೆ. ಆದುದರಿಂದ ಕರ್ನಾಟಕದ ಯಾವ ಭಾಗದಲ್ಲಿಯೇ ಆಗಲಿ, ಜೂನಿನಿಂದ ನವೆಂಬರಿನ ತನಕ ಈ ಕುಂಡವು ಮಾಡಿನ ಕೆಳಗೆ, ಎರಚಲು ತಾಗದ ಕಡೆಯಲ್ಲಿರಬೇಕು.

೬. ನೀರು ಕೊಡುವ ಮುನ್ನ

ನೀರಿನ ಪಾತ್ರೆಯನ್ನು ಕೈಗೆತ್ತಿಕೊಳ್ಳುವ ಮುನ್ನ ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ.

ಒಂದನೆಯದು: ಬಿರುಕಿನೊಳಗೆ ಹೊಸ ಜೋಡಿಯು ಬೆಳೆಯುತ್ತಿದೆಯೇ? ಬೆಳೆಯುತ್ತಿದ್ದು ಹಳೆಯ ಎಲೆಗಳು ಇನ್ನೂ ಒಣಗದಿದ್ದರೆ ನೀರು ಬೇಡ.

ಎರಡನೆಯದು: ಮಣ್ಣು ತಳದವರೆಗೂ ಒಣಗಿದೆಯೇ? ತೆಳ್ಳನೆಯ ಕಡ್ಡಿಯೊಂದನ್ನು ಕುಂಡದ ಅಂಚಿನಲ್ಲಿ ತಳದವರೆಗೆ ಚುಚ್ಚಿ ತೆಗೆಯಿರಿ. ಕಡ್ಡಿಗೆ ತೇವ ಹತ್ತಿದ್ದರೆ ನೀರು ಬೇಡ.

ಮೂರನೆಯದು: ಸಸ್ಯವು ಸುಕ್ಕಿದೆಯೇ? ಬಿಸಿಲಿನ ದಿನದ ಸಂಜೆಯಲ್ಲಿ ಕಾಣುವ ಸಣ್ಣ ಸುಕ್ಕು ಬೆಳಗಾಗುವಾಗ ಮಾಯವಾಗುವುದುಂಟು. ಮರುದಿನ ಬೆಳಗ್ಗೆಯೂ ಸುಕ್ಕು ಉಳಿದಿದ್ದು, ಬೆರಳಿನಿಂದ ಮೆಲ್ಲನೆ ಒತ್ತಿದಾಗ ದೇಹವು ಮೆತ್ತಗಿದ್ದರೆ ಅದಕ್ಕೆ ಬಾಯಾರಿದೆಯೆಂದು ತಿಳಿಯಬಹುದು.

ನಾಲ್ಕನೆಯದು: ಹವೆಯು ಹೇಗಿದೆ? ಜಡಿಮಳೆ ಹಿಡಿದಿದ್ದರೆ ಇನ್ನೂ ಕೆಲವು ದಿನ ತಾಳಿರಿ. ಕಡುಬೇಸಗೆಯಾಗಿದ್ದರೆ ಸಂಜೆಯ ತಂಪಿನಲ್ಲಿ ಎರಡು ಮೂರು ಚಮಚದಷ್ಟೇ ಕೊಡಿರಿ.

ನಾಲ್ಕಕ್ಕೂ ತಕ್ಕ ಉತ್ತರ ದೊರೆತಾಗ, ತಳದ ತೂತಿನಿಂದ ಹರಿಯುವ ತನಕ ಮಣ್ಣಿಗೆ ಧಾರಾಳವಾಗಿ ನೀರೆರೆಯಿರಿ. ಬಿರುಕಿನಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿರಿ. ಆ ಮೇಲೆ ಎರಡು ಮೂರು ವಾರ ಅದರ ಗೊಡವೆಗೆ ಹೋಗಬೇಡಿರಿ. ದಿನವೂ ಚಿಮುಕಿಸುವ ಸ್ವಲ್ಪ ನೀರು ಮೇಲ್ಮಣ್ಣನ್ನು ಮಾತ್ರ ತೋಯಿಸುವುದು. ಆಳದ ಬೇರಿಗೆ ಅದರಿಂದ ಪ್ರಯೋಜನವಿಲ್ಲ.

೭. ಆಪತ್ತುಗಳು

ನೀರು ಹೆಚ್ಚಾದಾಗ ದೇಹದ ಚರ್ಮವು ಪಟ್ಟನೆ ಸೀಳುವುದುಂಟು. ಹಾಗಾದರೆ ಗಾಬರಿಯಾಗದೆ ನೀರನ್ನು ನಿಲ್ಲಿಸಿ ಒಣಗಲು ಬಿಡಿರಿ. ಗಾಯದ ಗುರುತು ಮುಂದಿನ ಎಲೆಗಳು ಬರುವ ತನಕ ಮಾತ್ರ ಇರುತ್ತದೆ. ಆದರೆ ದೇಹವು ಹಳದಿಯಾಗಿ, ಬುಡದಿಂದ ಮೆತ್ತಗಾಗಿ, ಗಾಜಿನಂತೆ ತೋರಿದರೆ ಅದು ಕೊಳೆತದ ಲಕ್ಷಣ. ಅಂತಹದನ್ನು ಉಳಿಸುವುದು ಬಹಳ ಕಷ್ಟ. ಒಣಗಿ ಸುಕ್ಕಿದ ಸಸ್ಯಕ್ಕೆ ಒಂದು ಸಾರಿ ನೀರೆರೆದರೆ ಅದು ಬಹುಶಃ ಎರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ. ಕೊಳೆತದ್ದಕ್ಕೆ ಅಂತಹ ಮದ್ದಿಲ್ಲ. ಸಂಶಯ ಬಂದಾಗಲೆಲ್ಲ ಕಾಯುವುದೇ ಮೇಲೆಂದು ಅನುಭವಿಗಳು ಹೇಳುವುದು ಈ ಕಾರಣದಿಂದಲೇ.

ಬಿಳಿಯ ಹತ್ತಿಯಂತೆ ಅಂಟಿಕೊಳ್ಳುವ ಹಿಟ್ಟುತಿಗಣೆಗಳು ಬಿರುಕಿನಲ್ಲಿಯೂ ಬೇರಿನಲ್ಲಿಯೂ ಸೇರಿಕೊಳ್ಳುವವು. ಸಣ್ಣ ಕುಂಚವನ್ನು ಸ್ಪಿರಿಟಿನಲ್ಲಿ ಅದ್ದಿ ಅವುಗಳನ್ನು ಒರಸಿ ತೆಗೆಯಬೇಕು. ಅಳಿಲು, ಇಲಿ, ಹಕ್ಕಿಗಳು ಈ ರಸಭರಿತ ಎಲೆಗಳನ್ನು ಕಚ್ಚುವುದರಿಂದ ಕುಂಡದ ಮೇಲೆ ತಂತಿಯ ಬಲೆಯಿದ್ದರೆ ಒಳ್ಳೆಯದು.

೮. ಹೂವೂ ಬೀಜವೂ

ಹೂವು ಸೇವಂತಿಗೆಯನ್ನು ನೆನಪಿಗೆ ತರುತ್ತದೆ. ಬಣ್ಣವು ಹೆಚ್ಚಾಗಿ ಹಳದಿ ಇಲ್ಲವೆ ಬಿಳಿ. ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಅರಳಿ ಸಂಜೆಗೆ ಮುಚ್ಚಿಕೊಂಡು, ಹೀಗೆ ಕೆಲವು ದಿನ ನಡೆಯುತ್ತದೆ. ಸಾಧಾರಣವಾಗಿ ಒಂದು ಸಸ್ಯದ ಪರಾಗವು ಅದೇ ಸಸ್ಯಕ್ಕೆ ಫಲವನ್ನು ಕೊಡದು. ಬೀಜ ಬೇಕಾದರೆ ಅದೇ ಪ್ರಭೇದದ ಎರಡು ಸಸ್ಯಗಳು ಏಕಕಾಲದಲ್ಲಿ ಅರಳಿದಾಗ ಮೆತ್ತನೆಯ ಕುಂಚದಿಂದ ಪರಾಗವನ್ನು ಒಂದರಿಂದ ಇನ್ನೊಂದಕ್ಕೆ ಸೋಂಕಿಸಬೇಕು.

ಒಣಗಿದ ಬೀಜಕೋಶವನ್ನು ತರಗತಿಯಲ್ಲಿ ಪರೀಕ್ಷಿಸಿ ನೋಡತಕ್ಕದ್ದು. ಅದರ ಮೇಲೆ ಒಂದೆರಡು ಹನಿ ನೀರು ಬಿಟ್ಟರೆ, ಕೆಲವು ನಿಮಿಷಗಳಲ್ಲಿ ಅದರ ಮುಚ್ಚಳಗಳು ನಕ್ಷತ್ರದಂತೆ ನಮ್ಮ ಕಣ್ಣೆದುರಿಗೇ ತೆರೆದುಕೊಳ್ಳುವವು; ಒಣಗಿದಾಗ ಮರಳಿ ಮುಚ್ಚಿಕೊಳ್ಳುವವು. ಮರುನೆಲದಲ್ಲಿ ಮಳೆ ಬಿದ್ದಾಗ ಮಾತ್ರ ಕೋಶವು ತೆರೆದು, ಹನಿಗಳ ಹೊಡೆತದಿಂದ ಬೀಜವು ಸಿಡಿದು ಹರಡುತ್ತದೆ. ಮೊಳೆಯಲು ನೀರಿಲ್ಲದ ಕಾಲದಲ್ಲಿ ಬೀಜವು ವ್ಯರ್ಥವಾಗುವುದಿಲ್ಲ. ಧೂಳಿನಂತಿರುವ ಈ ಬೀಜಗಳನ್ನು ಮಣ್ಣಿನ ಮೇಲೆ ಉದುರಿಸಿ, ಮುಚ್ಚದೆ ತೇವವಾಗಿಟ್ಟರೆ ಒಂದೆರಡು ವಾರಗಳಲ್ಲಿ ಮೊಳೆಯುತ್ತವೆ. ಬೆಳೆದ ಸಸ್ಯಕ್ಕೆ ಹೇಳಿದ ಒಣಗಿಸುವ ನಿಯಮವು ಎಳೆಯ ಸಸಿಗಳಿಗೆ ಸಲ್ಲದು. ಅವಕ್ಕೆ ಮೊದಲ ತಿಂಗಳುಗಳಲ್ಲಿ ತೇವವು ತಪ್ಪಬಾರದು.

೯. ಕೊಳ್ಳುವಾಗ ಕೇಳತಕ್ಕ ಮಾತು

ಸುಮಾರು ನಾಲ್ವತ್ತರಷ್ಟು ಪ್ರಭೇದಗಳಿರುವ ಈ ಕುಲದಲ್ಲಿ ಹೊಸಬರಿಗೆ ಲೆಸ್ಲೀಯೈ, ಔಕಾಂಪಿಯೆ, ಸಾಲಿಕೋಲ ಎಂಬ ಮೂರು ಸುಲಭವಾದವು. ಮೊದಲೆರಡಕ್ಕೆ ಹಳದಿ ಹೂವು. ಉಪ್ಪುನೆಲದ ನಿವಾಸಿಯೆಂಬ ಅರ್ಥದ ಹೆಸರುಳ್ಳ ಮೂರನೆಯದಕ್ಕೆ ಬಿಳಿಯ ಹೂವು. ಗಟ್ಟಿಯಾಗಿ, ಕಲೆಯಿಲ್ಲದೆ, ಮಟ್ಟವಾಗಿ ಬೆಳೆದುದನ್ನು ಆರಿಸಿರಿ.

ಕೊಳ್ಳುವಾಗ, ಇದು ಬೀಜದಿಂದ ಬೆಳೆಸಿದ್ದೇ ಎಂದು ತಪ್ಪದೆ ಕೇಳಿರಿ. ಕಲ್ಲಿನ ವೇಷವು ಮೃಗಗಳ ಬಾಯಿಂದ ಈ ಸಸ್ಯವನ್ನು ಕಾಪಾಡಿತು. ಮನುಷ್ಯನ ಆಶೆಯಿಂದ ಕಾಪಾಡಲಾರದೆ ಹೋಗಿದೆ. ಆ ದೇಶಗಳಲ್ಲಿ ಕಾನೂನಿನ ರಕ್ಷಣೆಯಿದ್ದರೂ ಬಯಲಿನಿಂದ ಕದ್ದು ಕಿತ್ತು ಮಾರುವವರಿದ್ದಾರೆ. ಕೆಲವು ಜಾತಿಗಳು ಒಂದೆರಡು ಸಣ್ಣ ದಿಣ್ಣೆಗಳಲ್ಲಿ ಮಾತ್ರ ಇರುವುದರಿಂದ, ಒಂದು ದಿನದ ಕಳವು ಒಂದು ನೆಲೆಯನ್ನೇ ಬರಿದು ಮಾಡಬಲ್ಲದು. ಬೀಜದಿಂದ ಇವು ಸುಲಭವಾಗಿ ಬೆಳೆಯುತ್ತಿರುವಾಗ ಹಾಗೆ ಕಿತ್ತದ್ದನ್ನು ಕೊಳ್ಳಬೇಕಾದ ಅಗತ್ಯವು ಯಾರಿಗೂ ಇಲ್ಲ.

ತರಗತಿಯವರೆಲ್ಲ ಸೇರಿ ಒಂದು ಕುಂಡವನ್ನು ಇಟ್ಟುಕೊಳ್ಳುವುದಾದರೆ, ನೋಡುವ ಹಕ್ಕು ಎಲ್ಲರಿಗೂ ಇರಲಿ. ನೀರೆರೆಯುವ ಹೊಣೆಯು ಒಬ್ಬಳಿಗೇ ಇರಲಿ. ಹತ್ತು ಮಂದಿ ಒಬ್ಬೊಬ್ಬರಾಗಿ ಕರುಣೆ ತೋರಿಸಿದರೆ ಸಸ್ಯವು ಒಂದು ವಾರದಲ್ಲಿ ಹತ್ತು ಬಾರಿ ತೋಯುವುದು. ಕುಂಡದ ಪಕ್ಕದಲ್ಲಿ ಒಂದು ಪುಸ್ತಕವಿದ್ದು, ನೀರು ಕೊಟ್ಟ ದಿನ, ಸುಕ್ಕು ಕಂಡ ದಿನ, ಬಿರುಕು ತೆರೆದ ದಿನ, ಹೂವು ಅರಳಿದ ದಿನ, ಇವನ್ನು ಅದರಲ್ಲಿ ಬರೆದಿಡಬೇಕು. ಎರಡು ವರ್ಷಗಳಲ್ಲಿ ಆ ಪುಸ್ತಕವೇ ನಿಮ್ಮ ಊರಿನ ಹವೆಗೆ ತಕ್ಕ ಪಾಠವಾಗುವುದು. ಹೀಗೆ ಸಾಕಿದ ಸಸ್ಯವು ಹಲವು ದಶಕಗಳ ಕಾಲ ಬಾಳಬಲ್ಲದು. ಬೇಸಗೆಯ ರಜೆಯಲ್ಲಿ ಶಾಲೆ ಮುಚ್ಚಿದಾಗ ಬೇರೆಲ್ಲ ಗಿಡಗಳಿಗೆ ನೀರೆರೆಯುವವರನ್ನು ಹುಡುಕಬೇಕಾಗುತ್ತದೆ. ಜೀವಶಿಲೆಯ ಕುಂಡವನ್ನು ಜಗಲಿಯ ಬೆಳಕಿನಲ್ಲಿ, ಬಲೆಯ ಕೆಳಗೆ ಇಟ್ಟು ಹೊರಟರೆ ಸಾಕು. ಜೂನ್ ತಿಂಗಳಲ್ಲಿ ನೀವು ಮರಳಿ ಬರುವಾಗ ಅದು ತುಸು ಸುಕ್ಕಿ ನೆಲಕ್ಕೆ ತಗ್ಗಿರಬಹುದು. ಆಗ ಆ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡು ಒಮ್ಮೆ ನೀರೆರೆಯಿರಿ.